ಯಂತ್ರ ಕೆಟ್ಟಿದೆ, ಕಿವಿ ನೆಟ್ಟಗಿದೆ

ಭಾನುವಾರ ಮಧ್ಯಾಹ್ನ ನಡೆಯಲಿರುವ ನಮ್ಮವರ ಕೊನೆಯ ಕಛೇರಿಯನ್ನು ಒಂದು ಉಸಿರೂ ಸೋರದಂತೆ ಕೇಳಿಯೇ ತೀರುತ್ತೇನೆ ಎಂದು ಆ ಸೋಮವಾರ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಘೋರ ಶಪಥ ಮಾಡಿದೆ. ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ ಇದ್ದುದರಿಂದ ಶಪಥ ಅಷ್ಟು ಸ್ಪಷ್ಟವಾಗಿ ಹೊರಬರಲಿಲ್ಲ. ಅರ್ಧ ಕನ್ನಡಿಗೆ ಸಿಡಿಯಿತು. ಆದರೂ ಶಪಥ ಶಪಥವೇ. ಈ ಊರಿನಲ್ಲಿ ಯಾರ ಕಿವಿ ಎಷ್ಟು ಚುರುಕು ಎಂದು ತೀರ್ಪು ಕೊಡುವ ಏಕೈಕ ಮನುಷ್ಯ ನಾನು. ಕಿವಿ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷಕ! ನನ್ನ ಕಿವಿಯಿಂದ ತಪ್ಪಿಸಿಕೊಂಡು ಹೋಗುವ ಸ್ವರ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ನಂಬಿದ್ದೆ.

'ನಮ್ಮವರು' ಎಂದರೆ ನೆಂಟರಲ್ಲ. ಏಳು ಸಮುದ್ರದಾಚೆ, ನಾನು ಕಾಲಿಡದ, ಇನ್ನು ಇಡುವ ಸಂಭವವೂ ಇಲ್ಲದ ದೇಶವೊಂದರ ರಾಕ್ ಬ್ಯಾಂಡಿನವರು. ಮನೆಯಲ್ಲಿ ನಾನು ಅವರ ಹಾಡನ್ನು ಗೋಡೆ ನಡುಗುವಂತೆ ಹಾಕುವುದನ್ನು ಕೇಳಿ ನನ್ನ ಹೆಂಡತಿ ಅವರಿಗೆ ಇಟ್ಟಿರುವ ಹೆಸರು 'ಕೂಗುಮಾರಿ ಕಂಪನಿ'. ಈ ಊರಿನಲ್ಲಿ, ನನಗೆ ತಿಳಿದಮಟ್ಟಿಗೆ ಈ ದೇಶದಲ್ಲಿ, ಅವರಿಗಿರುವ ಭಕ್ತ ನಾನೊಬ್ಬನೇ. ಸಂಘದ ಅಧ್ಯಕ್ಷನೂ ನಾನೇ, ಸದಸ್ಯನೂ ನಾನೇ, ಸಭೆಗೆ ತಡವಾಗಿ ಬಂದು ಬೈಸಿಕೊಳ್ಳುವವನೂ ನಾನೇ.

ಅವರು ನನ್ನ ಬದುಕಿಗೆ ಬಂದದ್ದು ಸೋದರಮಾವನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಯಾರೋ ಒಂದು ಟೇಪ್ ರೆಕಾರ್ಡರ್ ಕೊಟ್ಟು ಹೋದವರು ಮತ್ತೆ ಬರಲಿಲ್ಲ. ಅದರ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಕ್ಯಾಸೆಟ್ಟನ್ನು ಸೋದರಮಾವ ಇಕ್ಕಳದಲ್ಲಿ ಎಳೆದು ನನ್ನ ಕೈಗೆ ಕೊಟ್ಟ. ನಾನಾಗ ಪರೀಕ್ಷೆಯಲ್ಲಿ ನಪಾಸಾಗಿ ಮನೆಯಲ್ಲಿ ಮುಖ ತೋರಿಸಲಾಗದೆ ಅಂಗಡಿಯಲ್ಲಿ ಬಿದ್ದುಕೊಂಡಿದ್ದೆ. ಕ್ಯಾಸೆಟ್ ಹಾಕಿದರೆ, ಗೊತ್ತಿಲ್ಲದ ಭಾಷೆಯಲ್ಲಿ ಒಬ್ಬ ಮನುಷ್ಯ ಎದೆ ಬಿರಿಯುವಂತೆ ಕೂಗುತ್ತಿದ್ದಾನೆ. ಅವನೂ ಅದೇ ವಿಷಯದಲ್ಲಿ ನಪಾಸಾಗಿದ್ದಾನೆಂದು ನನಗೆ ತಕ್ಷಣ ಅರ್ಥವಾಯಿತು. ಅವತ್ತಿನಿಂದ ಅವನು ನನ್ನವನು.

ದೂರದ ದೇಶದಲ್ಲಿದ್ದು ಭಕ್ತಿ ಮಾಡುವುದು ಸುಲಭವಲ್ಲ ಸ್ವಾಮಿ. ಅವರು ಆಗಾಗ 'ವಿಶ್ವಪ್ರವಾಸ' ಹೊರಡುತ್ತಿದ್ದರು. ಊರುಗಳ ಪಟ್ಟಿ ನೋಡಿದರೆ ಆ ವಿಶ್ವದಲ್ಲಿ ನಾವಿರುತ್ತಿರಲಿಲ್ಲ. ಒಂದು ಸಲ ಮಾತ್ರ, ಒಂದು ಖಂಡದಿಂದ ಇನ್ನೊಂದಕ್ಕೆ ಹಾರುವ ಅವರ ವಿಮಾನ ನಮ್ಮ ಮೇಲಿಂದಲೇ ಹೋಗಬೇಕು ಎಂದು ಭೂಪಟ ನೋಡಿ ಲೆಕ್ಕ ಹಾಕಿದೆ. ಬಿಸಿಲಲ್ಲಿ ತಾರಸಿಗೆ ಹೋಗಿ, ಬಂದ ಎಲ್ಲ ವಿಮಾನಗಳಿಗೂ ಕೈ ಬೀಸಿದೆ. ಕೆಳಗಿನಿಂದ ಹೆಂಡತಿ, "ರೀ, ಬಟ್ಟೆ ಒಣಗಿದ್ರೆ ತಗೊಂಡು ಬನ್ನಿ" ಎಂದಳು. ಬಟ್ಟೆ ತೆಗೆದುಕೊಂಡು ಇಳಿದೆ.

ಅವರ ಡ್ರಮ್ಮು ಬಾರಿಸುವವನು ಸತ್ತ ದಿನ ಆಸ್ಪತ್ರೆಯಲ್ಲಿ ಕೆಲಸ ಮಾಡಲು ಆಗಲಿಲ್ಲ. ಚೀಟಿ ಬರೆಯುವಾಕೆ ನನ್ನ ಮುಖ ನೋಡಿ ಕೇಳಿದಳು.

"ಏನ್ ಸಾರ್, ಹುಷಾರಿಲ್ವಾ?"

"ನಮ್ಮವರೊಬ್ಬರು ಹೋಗಿಬಿಟ್ರು."

"ಅಯ್ಯೋ ಪಾಪ. ತುಂಬ ಹತ್ತಿರದವರಾ?"

"ಇಲ್ಲ. ತುಂಬ ದೂರದವರು."

ಆಕೆ ಚೀಟಿಗಳ ಮೇಲೆ ಕಣ್ಣಾಡಿಸಿ, "ಹಾಗಾದ್ರೆ ಮೊದಲನೇ ಪೇಶೆಂಟನ್ನ ಕಳಿಸ್ಲಾ?" ಎಂದಳು. ಅವಳದೇನೂ ತಪ್ಪಿಲ್ಲ. ನನ್ನ ದುಃಖಕ್ಕೆ ಈ ಊರಿನಲ್ಲಿ ಹೆಸರಿರಲಿಲ್ಲ.

ಈಗ ಉಳಿದವರಿಗೂ ವಯಸ್ಸಾಗಿದೆ. ಇನ್ನು ಸಾಕು, ಭಾನುವಾರದ್ದೇ ಕೊನೆ ಎಂದು ಸಾರಿದ್ದರು. ಅವರ ರಾತ್ರಿ ನಮ್ಮ ಮಧ್ಯಾಹ್ನ, ಟೀವಿಯಲ್ಲಿ ನೇರಪ್ರಸಾರ. ಕಛೇರಿಯ ತುದಿಯಲ್ಲಿ ಹಾಡುಗಾರ ಒಂದು ಹಾಡು ಹಾಡುತ್ತಾನೆ. ಸತ್ತ ತನ್ನ ತಮ್ಮನಿಗಾಗಿ ಕಟ್ಟಿದ ಹಾಡು. ಅದನ್ನು ಎಂದೂ ಯಾರೆದುರಿಗೂ ಹಾಡಿಲ್ಲ, ಯಾವ ರೆಕಾರ್ಡಿನಲ್ಲೂ ಸೇರಿಸಿಲ್ಲ. ಒಂದೇ ಒಂದು ಸಲ ಹಾಡುತ್ತೇನೆ, ಯಾರೂ ಮುದ್ರಿಸಿಕೊಳ್ಳಬಾರದು, ಕೇಳಿದವರಿಗೆ ಕೇಳಿಸಿತು, ಅಷ್ಟೇ ಎಂದು ಷರತ್ತು ಹಾಕಿದ್ದ. ವಾದ್ಯವಿಲ್ಲ, ಬರೀ ಕಂಠ, ಅದೂ ಪಿಸುದನಿ. ಜೀವನವಿಡೀ ಕೂಗಿದವನು ಕೊನೆಗೆ ಪಿಸುಗುಟ್ಟುತ್ತಾನೆ! ಪ್ರಪಂಚದ ಬೇರೆ ಬೇರೆ ಮೂಲೆಗಳಲ್ಲಿರುವ ಭಕ್ತರೆಲ್ಲ ಆ ಹೊತ್ತಿಗೆ ಮನೆಯ ದೀಪ, ಫ್ಯಾನು, ಮಾತು ಎಲ್ಲವನ್ನೂ ನಿಲ್ಲಿಸಿ ಕೂರಬೇಕೆಂದು ನಮ್ಮ ನಮ್ಮಲ್ಲೇ ಒಪ್ಪಂದವಾಗಿತ್ತು.

ಅದಕ್ಕೇ ಶಪಥ.

ಶಪಥ ಮಾಡಿದ ಗಳಿಗೆ ಸರಿಯಿರಲಿಲ್ಲವೋ ಏನೋ, ಅವತ್ತೇ ಆಸ್ಪತ್ರೆಯಲ್ಲಿ ವಿಘ್ನ ಶುರುವಾಯಿತು. ನಮ್ಮ ಪರೀಕ್ಷಾ ಕೋಣೆ ಒಂದು ದೊಡ್ಡ ಬೀರುವಿನಷ್ಟಿದೆ. ಗೋಡೆಗೆಲ್ಲ ಮೆತ್ತೆ, ಬಾಗಿಲು ದಪ್ಪ, ಹಾಕಿದರೆ ಹೊರಗಿನ ಸದ್ದು ಒಂದಿಷ್ಟೂ ಒಳಗೆ ಬರದು. ರೋಗಿ ಒಳಗೆ ಹೆಡ್‌ಫೋನ್ ಹಾಕಿ ಕೂರುತ್ತಾನೆ. ನಾನು ಹೊರಗೆ ಯಂತ್ರದ ಮುಂದೆ ಕೂತು ದಪ್ಪ ಶಿಳ್ಳೆ, ತೆಳು ಶಿಳ್ಳೆ ಒಂದೊಂದೇ ಕಳಿಸುತ್ತೇನೆ. ಕೇಳಿಸಿದಾಗಲೆಲ್ಲ ಅವನು ಕೈಯಲ್ಲಿರುವ ಗುಂಡಿ ಒತ್ತಬೇಕು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ನನ್ನದೇ ಹೆಡ್‌ಫೋನಿನಲ್ಲಿ, ನಮ್ಮವರ ಹಾಡನ್ನು ದನಿ ಪೂರ್ತಿ ಏರಿಸಿ ಕೇಳುವುದು ನನ್ನ ವರ್ಷಾನುಗಟ್ಟಲೆಯ ವ್ರತ. ಊರಿನಲ್ಲಿ ಅದಕ್ಕಿಂತ ಒಳ್ಳೆಯ ಗರ್ಭಗುಡಿ ಎಲ್ಲಿದೆ?

ಇನ್ನೊಂದು ಪದ್ಧತಿಯಿದೆ. ದಿನಾ ಬೆಳಗ್ಗೆ ಮೊದಲ ರೋಗಿ ಬರುವ ಮುಂಚೆ ಪರೀಕ್ಷಕ ತಾನೇ ಒಳಗೆ ಕೂತು ತನ್ನ ಕಿವಿಯನ್ನು ಪರೀಕ್ಷಿಸಿಕೊಳ್ಳಬೇಕು. ಪರೀಕ್ಷಕನ ಕಿವಿ ಸರಿಯಿದೆಯೆಂದು ಮೊದಲೇ ಗೊತ್ತಿರುವುದರಿಂದ, ಅವನಿಗೆ ಎಂದಿನಂತೆ ಕೇಳಿಸಿದರೆ ಯಂತ್ರ ಸರಿಯಿದೆ ಎಂದರ್ಥ. ಕೇಳಿಸದಿದ್ದರೆ ಯಂತ್ರ ಕೆಟ್ಟಿದೆ ಎಂದರ್ಥ. ನಾನು ಬಹಳ ಕಾಲ ಈ ಪದ್ಧತಿಯನ್ನು ನಾಳೆ ನಾಳೆ ಎಂದು ತಳ್ಳುತ್ತಾ ಬಂದಿದ್ದೆ. ಭಾನುವಾರದ ಸಂಭ್ರಮಕ್ಕೆ ಕಿವಿಯನ್ನು ಸಜ್ಜುಗೊಳಿಸೋಣವೆಂದು ಅವತ್ತು ಒಳಗೆ ಹೋಗಿ ಕೂತೆ. ಗಾಜಿನ ಕಿಂಡಿಯಾಚೆ ಚೀಟಿ ಬರೆಯುವಾಕೆ ಯಂತ್ರದ ಮುಂದೆ ಕೂತಿದ್ದಳು.

ದಪ್ಪ ಶಿಳ್ಳೆಗಳು ಬಂದವು. ಗುಂಡಿ ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಕಾದೆ. ಕಿಂಡಿಯಾಚೆ ಆಕೆಯ ಬೆರಳು ಆಡುತ್ತಲೇ ಇತ್ತು. ಬಾಗಿಲು ತೆರೆದು ಹೊರಬಂದೆ.

"ಯಾಕೆ ನಿಲ್ಲಿಸಿಬಿಟ್ಟೆ?"

"ನಿಲ್ಲಿಸಿಲ್ಲ ಸಾರ್. ಒತ್ತುತ್ತಾನೇ ಇದೀನಿ."

"ತೆಳು ಶಿಳ್ಳೆ ಬರ್ತಿಲ್ಲ."

ಆಕೆ ಹೆಡ್‌ಫೋನನ್ನು ತನ್ನ ಕಿವಿಗೆ ಹಿಡಿದುಕೊಂಡಳು. "ಬರ್ತಿದೆಯಲ್ಲ ಸಾರ್. ನಂಗೆ ಕೇಳಿಸ್ತಿದೆ."

"ನಿಂಗೆ ಕೇಳಿಸೋದು ಬಿಡೋದು ಬೇರೆ ವಿಷಯ. ಈ ಆಸ್ಪತ್ರೆಗೆ ಅಳತೆಗೋಲು ಯಾರ ಕಿವಿ?"

"ನಿಮ್ಮದು ಸಾರ್."

"ಮತ್ತೆ?"

ಯಂತ್ರ ಕೆಟ್ಟಿದೆ ಎಂದು ತೀರ್ಮಾನವಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಒಂದು ಹೆಜ್ಜೆ ಮುಂದೆ ಹೋಗಿ ನೆಲವನ್ನೇ ಅಗೆಸಿ ಸರಿಮಾಡಲು ಹೊರಟೆ. ಡಾಕ್ಟರಮ್ಮನ ಕೋಣೆಗೆ ಹೋಗಿ ಯಂತ್ರದ ದುಃಸ್ಥಿತಿಯನ್ನು ವಿವರಿಸಿದೆ. ಅವರು ಒಬ್ಬ ಮುದುಕನ ಕಿವಿಯೊಳಗೆ ದೀಪ ಬಿಟ್ಟು ನೋಡುತ್ತಿದ್ದವರು ತಲೆ ಎತ್ತಲಿಲ್ಲ.

"ಯಂತ್ರಾನಾ, ನಿಮ್ಮ ಕಿವೀನಾ? ಒಂದ್ಸಲ ನೋಡ್ಕೊಳ್ಳಿ."

"ಮೇಡಂ, ನನ್ನ ಕಿವಿ ಬಗ್ಗೆ ನಾನು ಹೊಗಳಿಕೊಳ್ಳಬಾರದು. ಆದರೂ..."

"ಸರಿ ಸರಿ. ಮೆಕ್ಯಾನಿಕ್‌ಗೆ ಹೇಳಿ."

ಮೆಕ್ಯಾನಿಕ್ ಮುಂದಿನ ವಾರ ಬರುತ್ತೇನೆಂದ. ರೋಗಿಗಳು ಬೆಂಚಿನ ಮೇಲೆ ಕೂತಾಗಿತ್ತು. ಯಂತ್ರದ ಬೆನ್ನಿಗೆ ಒಂದು ಸಣ್ಣ ತಿರುಪಿದೆ. ಅದನ್ನು ತಿರುಗಿಸಿದರೆ ಶಿಳ್ಳೆಯ ದನಿ ಏರುತ್ತದೆ, ಆದರೆ ಮುಖದ ಮೇಲಿನ ಮುಳ್ಳು ಹಳೆಯ ಅಂಕಿಯನ್ನೇ ತೋರಿಸುತ್ತದೆ. ಮೆಕ್ಯಾನಿಕ್ ಬಿಟ್ಟು ಬೇರೆ ಯಾರೂ ಮುಟ್ಟಬಾರದೆಂದು ಅದರ ಮೇಲೆ ಕಾಗದ ಅಂಟಿಸಿದ್ದರು. ಉಗುರಿನಿಂದ ಕಾಗದ ಕೆರೆದು, ನನ್ನ ಕಿವಿಗೆ ತೆಳು ಶಿಳ್ಳೆಗಳೆಲ್ಲ ಮೊದಲಿನಂತೆ ಕೇಳುವ ತನಕ ತಿರುಗಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಎಮ್ಮೆ ಪಾಪ ಏನೂ ಅನ್ನಲಿಲ್ಲ. ತಿರುಗಿಸಲು ಬಹಳ ಹೊತ್ತು ಹಿಡಿಯಿತು. ಇಷ್ಟು ಕೆಟ್ಟಿತ್ತೇ ಈ ಯಂತ್ರ ಎಂದು ಮರುಗಿದೆ.

ಅವತ್ತಿನಿಂದ ಊರಿನಲ್ಲಿ ಕಿವುಡರು ಮಾಯವಾಗತೊಡಗಿದರು.

ಮೊದಲು ಬಂದವನು ಬಡಗಿ. ಗರಗಸದ ಯಂತ್ರದ ಪಕ್ಕದಲ್ಲೇ ಆಯುಸ್ಸು ಕಳೆದವನು. ಕಿವಿ ಹೋಗಿದೆಯೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಒಳಗೆ ಕೂರಿಸಿದರೆ ಟಕಟಕ ಗುಂಡಿ ಒತ್ತಿದ. "ನಿನ್ನ ಕಿವಿ ಮಗುವಿನ ಕಿವಿ ಕಣಯ್ಯ" ಎಂದೆ. ಅವನು ಖುಷಿಯಿಂದ, "ಏನು?" ಎಂದ. ಎರಡನೆಯ ಸಲ ಗಟ್ಟಿಯಾಗಿ ಹೇಳಿ ಕಳಿಸಿದೆ. ಆಮೇಲೆ ಬಂದ ಮುಖ್ಯೋಪಾಧ್ಯಾಯಿನಿ, ಇಷ್ಟು ದಿನ ಹಾಕಿಕೊಂಡಿದ್ದ ಶ್ರವಣ ಸಾಧನವನ್ನು ಅಲ್ಲೇ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡರು. ಬಾಗಿಲಲ್ಲಿ ಚೀಟಿ ಬರೆಯುವಾಕೆ ಅವರನ್ನು ಹಿಂದಿನಿಂದ ಕರೆದೇ ಕರೆದಳು. ಅವರು ತಿರುಗಿ ನೋಡದೆ ಗಂಭೀರವಾಗಿ ಮೆಟ್ಟಿಲಿಳಿದು ಹೋದರು. ದೊಡ್ಡ ಹುದ್ದೆಯವರ ಬಿಗುಮಾನ ಅಂದುಕೊಂಡೆ.

ವಾರದ ನಡುವೆ ಡಾಕ್ಟರಮ್ಮ ನನ್ನ ಕೋಣೆಗೇ ಬಂದರು.

"ಏನ್ರೀ ಇದು, ಈ ವಾರ ಯಾರಿಗೂ ಕಿವಿ ಕೆಟ್ಟೇ ಇಲ್ವಾ?"

"ಜನರಲ್ಲಿ ಆರೋಗ್ಯದ ಅರಿವು ಹೆಚ್ಚುತ್ತಿದೆ ಮೇಡಂ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಫೋನು ಬಂತು. ಹೊರಟುಹೋದರು.

ಇಷ್ಟಕ್ಕೇ ನಿಂತಿದ್ದರೆ ಊರಿನ ಪಾಪ ಊರಿಗಿರಲಿ ಎನ್ನಬಹುದಿತ್ತು. ಗುರುವಾರ ನನ್ನ ಮಾವನವರು ಬಂದರು. ಅವರು ಅಚ್ಚುಕೂಟದಲ್ಲಿ ಮುದ್ರಣಯಂತ್ರದ ಪಕ್ಕ ನಿಂತು ನಿವೃತ್ತರಾದವರು. ಕಿವಿಯಲ್ಲೊಂದು ಸಾಧನ ಇದೆ. ಅದನ್ನು ಕಂಡರೆ ಅವರಿಗೆ ಆಗುವುದಿಲ್ಲ. ಕೊಯ್ಯ್ ಅನ್ನುತ್ತದೆ, ಕೆರೆಯುತ್ತದೆ, ಮೊಮ್ಮಕ್ಕಳು ನಗುತ್ತಾರೆ ಎಂದು ನೂರು ದೂರು. "ಅಳಿಯಂದಿರೇ, ಹೊಸ ನಮೂನೇದು ಏನಾದ್ರೂ ಬಂದಿದ್ರೆ ನೋಡಿ" ಎಂದು ಬಂದಿದ್ದರು. ಒಳಗೆ ಕೂರಿಸಿ ಪರೀಕ್ಷೆ ಮಾಡಿದೆ. ಹೊರಗೆ ಬಂದಾಗ ಅವರ ಕೈ ಹಿಡಿದುಕೊಂಡು ಗಟ್ಟಿಯಾಗಿ ಹೇಳಿದೆ. "ಮಾವ, ಯಂತ್ರವನ್ನು ನನ್ನ ಕೈಯಾರೆ ಸರಿಮಾಡಿದ್ದೇನೆ, ನಿಮಗೆ ಸಾಧನವೇ ಬೇಡ. ನಿಮ್ಮ ಕಿವಿ ನೆಟ್ಟಗಿದೆ." ಅವರ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ಅಳಿಯನಾಗಿ ನಾನು ಅವರಿಗೆ ಕೊಟ್ಟ ಮೊದಲ ಸಂತೋಷ ಅದು. ಸಾಧನವನ್ನು ನನ್ನ ಮೇಜಿನ ಮೇಲೇ ಬಿಟ್ಟು, ನಾನು ಸಹಿ ಹಾಕಿದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಮದುಮಗನ ನಡಿಗೆಯಲ್ಲಿ ಹೋದರು.

ಶನಿವಾರ ಸಂಜೆ ಕರೆಗಂಟೆ ಸದ್ದಾಯಿತಂತೆ. ಹೆಂಡತಿ ಹೋಗಿ ಬಾಗಿಲು ತೆರೆದಳು. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಊರವರ ಪರದೆ, ದಿಂಬಿನ ಚೀಲ ಹೊಲಿಯುತ್ತಾಳೆ. ನಾನು ಭಾನುವಾರಕ್ಕೆಂದು ಟೀವಿಯ ಪಕ್ಕ ದೊಡ್ಡ ಸ್ಪೀಕರುಗಳನ್ನು ನಿಲ್ಲಿಸುತ್ತಿದ್ದೆ. ತಲೆ ಎತ್ತಿದರೆ ಅತ್ತೆ! ಕೈಯಲ್ಲಿ ಬಟ್ಟೆಯ ಬ್ಯಾಗು, ಕಂಕುಳಲ್ಲಿ ತಮ್ಮದೇ ದಿಂಬು. ದಿಂಬು ತಂದವರು ಬೇಗ ಹೋಗುವುದಿಲ್ಲ.

"ಏನಮ್ಮಾ ಇದು?" ಹೆಂಡತಿ ಕೇಳಿದಳು.

"ಕಿವಿ ಚೆನ್ನಾಗಿರೋ ಗಂಡಸಿನ ಜೊತೆ ನಾನು ಬಾಳಕ್ಕಾಗಲ್ಲ."

ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ಕುರ್ಚಿಯ ಮೇಲೆ ದಿಂಬನ್ನಿಟ್ಟು, ಅದರ ಪಕ್ಕ ನಿಂತೇ ಮಾತಾಡಿದರು.

"ನಾಲ್ಕು ಮಾತಾಡಿದ್ರೆ ಒಂದಕ್ಕೂ ಉತ್ತರ ಬರ್ತಿರಲಿಲ್ಲ. ಪಾಪ, ಮಷೀನು ಕಿವಿ ತಿಂದುಬಿಡ್ತು ಅಂತ ಸುಮ್ಮನಿದ್ದೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಕೂಗಿದೆ. ಎದ್ದು ಕೂರೋಕಾಗ್ತಿಲ್ಲ, ಕೂಗ್ತಾನೇ ಇದೀನಿ. ಪಕ್ಕದ ಕೋಣೇಲಿ ಪೇಪರ್ ಓದ್ತಾ ಕೂತಿದ್ರು. ಹಾಳೆ ತಿರುಗಿಸಿದ ಸದ್ದು ನಂಗೆ ಕೇಳಿಸ್ತಿತ್ತು. ಸಾಧನ ತೆಗೆದಿಟ್ಟಿದ್ದೆ, ಕೇಳಿಸಿಲ್ಲ ಅಂದ್ರು, ನಂಬಿದೆ. ಈಗ ನೀವೇ ಸಹಿ ಹಾಕಿ ಕೊಟ್ಟಿದೀರಿ ಅಳಿಯಂದಿರೇ, ಎಲ್ಲಾ ಕೇಳಿಸುತ್ತೆ ಅಂತ. ಹಾಗಾದ್ರೆ ಅವತ್ತು ಅದು ಜಾಣಕಿವುಡು ತಾನೇ?"

ಹೆಂಡತಿ ಅಮ್ಮನನ್ನು ಒಳಗೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ತಿರುಗಿ ನನ್ನತ್ತ ಒಂದು ನೋಟ ಬಿಟ್ಟಳು. ಅದರ ಅರ್ಥ ಹೇಳಲು ಪರೀಕ್ಷಾ ಯಂತ್ರ ಬೇಕಿರಲಿಲ್ಲ. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು. ಮಾವ ಸುಳ್ಳು ಹೇಳುವವರಲ್ಲ ಎಂದು ನನಗೆ ಗೊತ್ತು. ಆದರೆ ಮಾವ ಸುಳ್ಳಲ್ಲ ಎಂದರೆ ಯಂತ್ರ ಸುಳ್ಳು. ಯಂತ್ರ ಸುಳ್ಳು ಎಂದರೆ ಅದನ್ನು ತಿರುಗಿಸಿದ ಕಿವಿ ಸುಳ್ಳು. ಅಲ್ಲಿಗೆ ಹೋಗಲು ಮನಸ್ಸು ಒಪ್ಪಲಿಲ್ಲ. ಸ್ಪೀಕರಿನ ವೈರು ಸಿಕ್ಕಿಸುವುದರಲ್ಲಿ ಮಗ್ನನಾದೆ. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ಕಿವಿಯೂ ಕಾಣುವುದಿಲ್ಲ.

ಭಾನುವಾರ ಬಂತು. ಮಾವನೂ ಬಂದರು. ರಾತ್ರಿಯಿಡೀ ನಿದ್ದೆಯಿಲ್ಲದ ಮುಖ, ಅಂಗಿಯ ಗುಂಡಿ ಒಂದು ಮನೆ ತಪ್ಪಿದೆ. ಅತ್ತೆಯ ಎದುರಿನ ಕುರ್ಚಿಯಲ್ಲಿ ಕೂತು, "ನಿಜವಾಗ್ಲೂ ಕೇಳಿಸಿರಲಿಲ್ಲ ಕಣೇ" ಎಂದರು. ಅತ್ತೆ ಗೋಡೆ ನೋಡುತ್ತಾ, ಅವರ ಜೇಬಿನತ್ತ ಬೆರಳು ತೋರಿಸಿ, "ಕಾಗದ ಇದೆಯಲ್ಲ" ಎಂದರು. ಮಾವ ಜೇಬಿನಿಂದ ಕಾಗದ ತೆಗೆದು ನೋಡಿದರು. ಅದನ್ನು ಹರಿಯಲೂ ಅವರಿಗೆ ಮನಸ್ಸಿಲ್ಲ. ಕಿವಿ ನೆಟ್ಟಗಿದೆಯೆಂದು ಬರೆದ ಕಾಗದ! ಮತ್ತೆ ಮಡಚಿ ಒಳಗಿಟ್ಟುಕೊಂಡರು. ಅವರನ್ನು ಸಮಾಧಾನ ಮಾಡಲು ಒಂದು ಹೆಜ್ಜೆ ಮುಂದಿಟ್ಟೆ. ಆದರೆ ಗಡಿಯಾರ ನೋಡಿದೆ, ಕಛೇರಿಗೆ ಹೊತ್ತಾಗಿತ್ತು.

ಎಲ್ಲರನ್ನೂ ಉದ್ದೇಶಿಸಿ ಒಂದು ಚಿಕ್ಕ ಭಾಷಣ ಮಾಡಿದೆ. "ಜಗಳ ಆಮೇಲೆ ಆಡೋಣ. ಇದು ನನ್ನ ಜೀವಮಾನದ ದಿನ. ಉಳಿದ ಹಾಡಿಗೆ ಏನಾದ್ರೂ ಮಾಡ್ಕೊಳ್ಳಿ. ಕೊನೇ ಹಾಡಿಗೆ ಮಾತ್ರ ಯಾರೂ ಕೆಮ್ಮಬಾರದು, ಸೀನಬಾರದು, ಕುರ್ಚಿ ಎಳೀಬಾರದು. ಅದು ಒಂದೇ ಸಲ. ಮತ್ತೆ ಸಿಗಲ್ಲ."

"ಹಾಡೋದು ಏನಂತ ಅರ್ಥ ಆಗುತ್ತಾ ನಿಮಗೆ?" ಅತ್ತೆ ಕೇಳಿದರು.

"ಭಾಷೆ ಅರ್ಥ ಆಗಲ್ಲ ಅತ್ತೆ. ಅವನು ಅರ್ಥ ಆಗ್ತಾನೆ."

ಅತ್ತೆಗೆ ತಲೆನೋವು. ಅದಕ್ಕಾಗಿ ಒಂದು ಸಂಧಾನವಾಯಿತು: ಟೀವಿಯ ರಿಮೋಟು ಅತ್ತೆಯ ಕೈಯಲ್ಲಿ. ಅವರು ದನಿಯನ್ನು ಎಷ್ಟು ಇಳಿಸಿದರೆಂದರೆ ಸ್ಪೀಕರುಗಳು ಮನೆಗೆ ಬಂದ ಬಡ ನೆಂಟರಂತೆ ಮೂಲೆಯಲ್ಲಿ ನಿಂತವು. ನಾನು ಹಲ್ಲು ಕಚ್ಚಿಕೊಂಡೆ. ಪರದೆಯ ಮೇಲೆ ನಮ್ಮವರು ಬಂದರು. ಎಲ್ಲರ ತಲೆಯೂ ನರೆತಿದೆ. ಗಿಟಾರು ಹಿಡಿದವನು ಸ್ಟೂಲಿನ ಮೇಲೆ ಕೂತಿದ್ದಾನೆ. ಡ್ರಮ್ಮಿನ ಹಿಂದೆ ಯಾರೋ ಹೊಸಬ. ಹಾಡುಗಾರ ಹೆಜ್ಜೆ ಎಣಿಸುತ್ತಾ ನಡೆದು ಬಂದ. ಅಂಗಡಿಯ ಮೂಲೆಯಲ್ಲಿ ನನ್ನ ಜೊತೆ ಕೂತಿದ್ದವನು ಇಷ್ಟು ಮುದುಕನಾದದ್ದು ಯಾವಾಗ?

ಒಂದಾದ ಮೇಲೊಂದು ಹಾಡಿದರು. ಡ್ರಮ್ಮಿನ ಗುದ್ದು ನನಗೆ ಚೆನ್ನಾಗಿಯೇ ಕೇಳುತ್ತಿತ್ತು. ಉಳಿದದ್ದು ನನಗೆ ಬಾಯಿಪಾಠ. ಕೇಳಿಸದ ಜಾಗಗಳನ್ನೆಲ್ಲ ನೆನಪು ತುಂಬಿಕೊಡುತ್ತಿತ್ತು. ಹಾಗೆ ತುಂಬಿಕೊಡುತ್ತಿದೆ ಎಂದೂ ನನಗೆ ತಿಳಿಯಲಿಲ್ಲ. ಎಷ್ಟು ವರ್ಷದಿಂದ ಹೀಗೆ ಕೇಳುತ್ತಿದ್ದೆನೋ!

ಕೊನೆಗೆ ವೇದಿಕೆಯ ದೀಪಗಳೆಲ್ಲ ಆರಿ, ಒಂದೇ ಒಂದು ಉಳಿಯಿತು. ವಾದ್ಯದವರು ಹಿಂದೆ ಸರಿದರು. ಬಂತು! ನಾನು ಎದ್ದು ಓಡಾಡಿ ಮನೆಯ ದೀಪ ಆರಿಸಿದೆ, ಫ್ಯಾನು ನಿಲ್ಲಿಸಿದೆ, ಫ್ರಿಜ್ಜಿನ ವೈರು ಕಿತ್ತೆ, ಗೋಡೆ ಗಡಿಯಾರವನ್ನು ಕೆಳಗಿಳಿಸಿ ಅತ್ತೆಯ ದಿಂಬಿನ ಕೆಳಗೆ ತುರುಕಿದೆ. ಕಿಟಕಿಯ ಪರದೆ ಎಳೆದ ಕೋಣೆಯಲ್ಲಿ ನಾಲ್ಕು ಜನ ಉಸಿರು ಬಿಗಿಹಿಡಿದು ಕೂತೆವು. ಹಾಡುಗಾರ ಮೈಕಿನ ಹತ್ತಿರ ಬಂದ. ಕಣ್ಣು ಮುಚ್ಚಿದ. ತುಟಿ ತೆರೆದ.

ಏನೂ ಇಲ್ಲ.

ತುಟಿ ಆಡುತ್ತಿದೆ. ಕುತ್ತಿಗೆಯ ನರ ಉಬ್ಬುತ್ತಿದೆ. ಅಲ್ಲಿ ಕೂತ ಜನ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ನನ್ನ ಮನೆಯಲ್ಲಿ ಮಾತ್ರ ಸದ್ದಿಲ್ಲ. ಜೀವಮಾನದಲ್ಲಿ ಒಂದೇ ಸಲ ಸಿಗುವುದು, ಸರಿಯಾಗಿ ಆ ಗಳಿಗೆಗೇ ಕೈಕೊಟ್ಟಿತು! ನಾನು ಜಿಗಿದೆದ್ದು ಸ್ಪೀಕರನ್ನು ಅಲ್ಲಾಡಿಸಿದೆ, ವೈರು ಕಿತ್ತು ಮತ್ತೆ ಸಿಕ್ಕಿಸಿದೆ, ಟೀವಿಯ ತಲೆಗೆ ಎರಡು ಬಿಟ್ಟೆ. "ದನಿ ಹೋಯ್ತು! ಹಾಳಾದ್ದು, ಈಗಲೇ ಹೋಗಬೇಕಾ!" ಎಂದು ಅರಚಿದೆ. ಕೆಮ್ಮಬಾರದು ಎಂದು ಕಟ್ಟಪ್ಪಣೆ ಮಾಡಿದ್ದವನು ನಾನು.

"ರೀ, ಸುಮ್ನಿರಿ. ಹಾಡ್ತಿದಾನೆ" ಎಂದಳು ಹೆಂಡತಿ.

ತಿರುಗಿ ನೋಡಿದೆ. ಟೀವಿಯ ಬೆಳಕು ಅವಳ ಮುಖದ ಮೇಲಿತ್ತು. ಕೆನ್ನೆ ಒದ್ದೆಯಾಗಿತ್ತು. ಪಕ್ಕದಲ್ಲಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ರಿಮೋಟು ಮಡಿಲಲ್ಲಿ ಮರೆತುಹೋಗಿತ್ತು. ಇಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. ಇಬ್ಬರೂ ಕೇಳುತ್ತಿದ್ದರು.

ಆಗ ಮೂಲೆಯ ಕುರ್ಚಿಯಿಂದ ಮಾವನ ದನಿ ಬಂತು.

"ಅಳಿಯಂದಿರೇ, ಇನ್ನೂ ಶುರುವಾಗಲಿಲ್ವಾ?"

ನಾನು ಮಾವನನ್ನು ನೋಡಿದೆ. ಮಾವ ನನ್ನನ್ನು ನೋಡಿದರು. ಅತ್ತೆ ನಮ್ಮಿಬ್ಬರನ್ನೂ ಸರದಿಯ ಮೇಲೆ ನೋಡಿದರು. ನಾನು ಮೆಲ್ಲಗೆ ಹೋಗಿ ಮಾವನ ಪಕ್ಕದ ಕುರ್ಚಿಯಲ್ಲಿ ಕೂತೆ. ಏಳುವುದರಿಂದ ಇನ್ನೇನೂ ಪ್ರಯೋಜನವಿರಲಿಲ್ಲ. ಪರದೆಯ ಮೇಲೆ ಅವನು ಹಾಡುತ್ತಲೇ ಇದ್ದ. ನಾನು ಅವನ ತುಟಿಗಳನ್ನು ನೋಡುತ್ತಾ ಕೂತೆ. ಭಾಷೆಯೂ ಬಾರದು, ತುಟಿ ನೋಡಿ ಏನು ತಿಳಿಯಬೇಕು? ಅಷ್ಟು ದೂರದಿಂದ, ಅಷ್ಟು ವರ್ಷ ಬಂದು ಬಂದು, ಕೊನೆಗೆ ಕಿವಿಯ ಬಾಗಿಲಿಗೆ ಬಂದು ನಿಂತಿದ್ದ. ಬಾಗಿಲು ತೆರೆಯಲಿಲ್ಲ. ಹಾಡು ಮುಗಿಯಿತೆಂದು ನನಗೆ ಗೊತ್ತಾದದ್ದು ಅವನು ತುಟಿ ಮುಚ್ಚಿ ತಲೆ ಬಾಗಿಸಿದಾಗ.

ಅತ್ತೆಗೆ ವಿಷಯ ನನಗಿಂತ ಬೇಗ ಅರ್ಥವಾಗಿತ್ತು.

"ಯಂತ್ರಾನ ಯಾರ ಕಿವಿಗೆ ಸರಿಯಾಗಿ ಹೊಂದಿಸಿದ್ರಿ ಅಳಿಯಂದಿರೇ?"

"ನನ್ನದಕ್ಕೆ."

ಅವರು ಎದ್ದು ಮಾವನ ಹತ್ತಿರ ಹೋದರು. ತಪ್ಪಿದ್ದ ಅಂಗಿಯ ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕಿದರು. ಕಿವಿಯ ಹತ್ತಿರ ಬಾಗಿ, "ನಡೀರಿ ಮನೆಗೆ. ನಿಮಗೆ ನಿಜವಾಗ್ಲೂ ಕೇಳಿಸಲ್ಲ" ಎಂದು ಕೂಗಿದರು. ಮಾವನ ಮುಖ ಅರಳಿತು. ಕಿವಿ ಹೋಗಿದೆ ಎಂಬ ಸುದ್ದಿಗೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನನ್ನ ಇಡೀ ವೃತ್ತಿಯಲ್ಲಿ ನೋಡಿಲ್ಲ. ಅತ್ತೆ ದಿಂಬು ಎತ್ತಿಕೊಂಡರು. ಕೆಳಗಿದ್ದ ಗಡಿಯಾರವನ್ನು ನನ್ನ ಕೈಗೆ ಕೊಟ್ಟು, ಒಂದು ಗಳಿಗೆ ನಿಂತು, ನನ್ನ ಭುಜ ತಟ್ಟಿ ಹೋದರು. ನನ್ನ ಕಿವಿ ಹೋದದ್ದರಿಂದ ಒಂದು ಹಳೆಯ ಸಂಸಾರ ಉಳಿಯಿತು ಎಂದು ಬೇಕಾದರೆ ಸಮಾಧಾನ ಮಾಡಿಕೊಳ್ಳಬಹುದು. ನಾನು ಮಾಡಿಕೊಳ್ಳಲಿಲ್ಲ.

ನಾಳೆ ಡಾಕ್ಟರಮ್ಮನ ಮುಂದೆ ನಿಂತು ಎಲ್ಲ ಹೇಳಬೇಕು. ತಿರುಪನ್ನು ಹಿಂದಕ್ಕೆ ತಿರುಗಿಸಬೇಕು. ಬಡಗಿಯನ್ನು, ಮುಖ್ಯೋಪಾಧ್ಯಾಯಿನಿಯನ್ನು ಮನೆಗೇ ಹೋಗಿ ಕರೆತರಬೇಕು. ಫೋನು ಮಾಡಿದರೆ ಅವರಿಗೆ ಕೇಳಿಸುವುದಿಲ್ಲ. ಆಮೇಲೆ ನಾನೇ ಒಳಗೆ ಕೂತು, ಕಿಂಡಿಯಾಚೆ ಆಡುವ ಬೆರಳನ್ನು ನೋಡುತ್ತಾ, ಬಾರದ ಶಿಳ್ಳೆಗೆ ಕಾಯಬೇಕು. ಕತ್ತಲ ಕೋಣೆಯಲ್ಲಿ ಗಡಿಯಾರ ಹಿಡಿದು ಕೂತು ಇದನ್ನೆಲ್ಲ ಯೋಚಿಸುತ್ತಿದ್ದೆ. ಗಡಿಯಾರ ನಡೆಯುತ್ತಿತ್ತು, ಮುಳ್ಳು ಕಾಣುತ್ತಿತ್ತು, ಟಿಕ್ ಎನ್ನುವುದು ಕೇಳುತ್ತಿರಲಿಲ್ಲ.

ಹೆಂಡತಿ ಅಪ್ಪ ಅಮ್ಮನನ್ನು ಬೀದಿಯ ತನಕ ಬಿಟ್ಟು ಬಂದು, ಪರದೆ ಸರಿಸಿ, ಪಕ್ಕದಲ್ಲಿ ಕೂತಳು.

"ನಿಂಗೆ ಮೊದಲೇ ಗೊತ್ತಿತ್ತಾ?" ಕೇಳಿದೆ.

"ಗೊತ್ತಿತ್ತು. ಕಿವಿ ಡಾಕ್ಟರ ಆಸ್ಪತ್ರೇಲಿರೋರಿಗೆ ನಾನೇನು ಹೇಳೋದು? ಎರಡು ಸಲ ಹೇಳಿ ನೋಡಿದೆ. ನಿಮಗೆ ಕೇಳಿಸಲಿಲ್ಲ."

ಅವಳ ಕಣ್ಣು ಇನ್ನೂ ಕೆಂಪಾಗಿತ್ತು. ನನ್ನ ಹಾಡು ಈಗ ಈ ಮನೆಯಲ್ಲಿ ಅವಳೊಬ್ಬಳ ಹತ್ತಿರ ಇತ್ತು. ಕೂಗುಮಾರಿ ಕಂಪನಿ ಎಂದು ಹೆಸರಿಟ್ಟವಳ ಹತ್ತಿರ!

"ಹೇಗಿತ್ತು?" ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ, ಬೇಡುವವನ ಹಾಗಿತ್ತು.

ಅವಳು ಎದ್ದು ಹೋಗಿ ಟೀವಿ ಆರಿಸಿ ಬಂದಳು. ಆಮೇ​ಲೆ ನನ್ನ ಕಿವಿಯ ಹತ್ತಿರ ಬಾಗಿ, ತನ್ನ ಅಪ್ಪನ ಜೊತೆ ಮಾತಾಡುವ ಗಟ್ಟಿ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದಳು.

"ತುಂಬ ಮೆಲ್ಲಗಿತ್ತು. ಇಷ್ಟು ವರ್ಷ ನೀವೂ ಅಷ್ಟೇ ಮೆಲ್ಲಗೆ ಹಾಕಿದ್ದಿದ್ರೆ ನಿಮ್ಮ ಕಿವೀನೂ ಉಳೀತಿತ್ತು, ನಾನೂ ಪಕ್ಕದಲ್ಲಿ ಕೂತು ಕೇಳ್ತಿದ್ದೆ."